ಹಾಸಿಗೆಯ ಮೇಲೊಂದು ಚಾಪೆ

ಸಯನ್, ಮುಂಬಯಿ
೧೨-೨-೧೯೫೬

ಸೌಭಾಗ್ಯವತಿ ಪಂಕಜಾಗೆ, ನಿನ್ನ ಬಾಲ್ಯದ ಗೆಳತಿ ಅಮ್ಮಣ್ಣಿ ಬೇಡುವ ಸಕಲ ಸುಖಗಳು.

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಮುಗಿದೇ ಹದಿನೈದು ದಿನ ಆಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಬೈದುಕೋ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು, ಹಾಗೆ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ನನ್ನ ತಮ್ಮ ನಾಣಿಗೆ, "ಇವರನ್ನ ನೆಲದ ಮೇಲೆ ಮಲಗಿಸಬೇಡಿ, ಹಾಸಿಗೆ ಕೊಡಿ" ಅಂದುಬಿಟ್ಟರು.

ನಿನಗೆ ಗೊತ್ತಲ್ಲ, ನಮ್ಮವರು ಹೋದ ಮೇಲೆ ನನಗೆ ಹಾಸಿಗೆ ಕೂಡದು ಅಂತ ಅಮ್ಮ ಚಾಪೆ ಕೊಟ್ಟದ್ದು. ಇಪ್ಪತ್ತೆಂಟು ವರ್ಷ ಆಯಿತು. ಚಾಪೆಯ ಮೇಲೂ ನಿದ್ದೆ ಬರುತ್ತೆ ಕಣೇ, ಕನಸು ಬೀಳುವಷ್ಟು ಬರೋಲ್ಲ. ಒಂದು ಸಲವಾದರೂ ಹಾಗೆ ಮಲಗಬೇಕು ಅಂತ ಆಸೆ. ಅಮ್ಮ ಹೋದರೂ ಅವಳ ಭಯ ಹೋಗಿಲ್ಲ.

ನಾಣಿಗೆ ಕೆಲಸ ದಾದರಿನ ಒಂದು ಹಾಸಿಗೆ ಅಂಗಡಿಯಲ್ಲಿ. ಗುರುವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಕರೆದುಕೊಂಡು ಹೋದ. ಸಾಲಾಗಿ ನಾಲ್ಕು ಹಾಸಿಗೆ. "ಮಲಗಿ ನೋಡಿ ಹೇಳಕ್ಕ" ಅಂದ. ಲೋಕಲ್ ರೈಲಿನಲ್ಲಿ ಕಂಕುಳಲ್ಲಿಟ್ಟುಕೊಂಡು ತಂದಿದ್ದ ನನ್ನ ಚಾಪೆಯನ್ನು ಮೊದಲನೇ ಹಾಸಿಗೆಯ ಮೇಲೆ ಬಿಚ್ಚಿ ಹಾಸಿ ಮಲಗಿದೆ. ನಡುವೆ ಚಾಪೆಯಿದ್ದರೆ ದೋಷವಿಲ್ಲ ಅಂತ ನನ್ನ ತೀರ್ಮಾನ. ನಾಣಿ ಬಿದ್ದು ಬಿದ್ದು ನಕ್ಕ. "ಅಕ್ಕ, ನೀನು ಪರೀಕ್ಷೆ ಮಾಡ್ತಿರೋದು ಹಾಸಿಗೇನೋ ಚಾಪೇನೋ?" ನಾಚಿಕೆಯಾಗಿ ಸುತ್ತಿಟ್ಟೆ.

ತೆಂಗಿನ ನಾರಿನದು ಗಟ್ಟಿ, ಬೆನ್ನಿಗೆ ಒಳ್ಳೆಯದಂತೆ. ನನಗೆ ಬೈಸಿಕೊಂಡು ಮಲಗಿದ ಹಾಗಾಯಿತು. ಹತ್ತಿಯದು ಬೆಚ್ಚಗಿತ್ತು, ಆದರೆ ಬರಬರುತ್ತಾ ನಡುವೆ ಕುಳಿ ಬೀಳುತ್ತೆ, ವರ್ಷಕ್ಕೊಮ್ಮೆ ಪಿಂಜಾರನನ್ನು ಕರೆಸಿ ಹಿಂಜಿಸಬೇಕು. ರಬ್ಬರಿನದು ಈಗಿನ ಷೋಕಿ. ಒತ್ತಿದರೆ ಇಳಿಯುತ್ತೆ, ಬಿಟ್ಟರೆ ಏಳುತ್ತೆ, ಹೊಸ ಚಪ್ಪಲಿಯ ವಾಸನೆ, ಬೆನ್ನೆಲ್ಲ ಬೆವರು. ಕೊನೆಯದು ಬೂರುಗದ ಹತ್ತಿಯದು. ಪಂಕಜಾ, ಎಷ್ಟು ಹಗುರ, ಎಷ್ಟು ತಣ್ಣಗೆ ಅಂತ ಹೇಳಲಿ. ಕಣ್ಣು ಮುಚ್ಚಿದೆ. ಹೊರಗಿನ ಟ್ರಾಮಿನ ಗಂಟೆ ದೂರ ದೂರ ಹೋಯಿತು. ಸೊಂಟ ಇದೆಯೆಂಬುದೇ ಮರೆಯಿತು. ಕಾವೇರಿಯಲ್ಲಿ ಅಂಗಾತ ತೇಲುತ್ತಿದ್ದೇನೆ, ಅರಿಶಿನ ಬಣ್ಣದ ಸೀರೆ ನೀರಲ್ಲಿ ಹರಡಿಕೊಂಡಿದೆ, ಮೇಲೆ ಬಿಳಿ ಮೋಡ, ಒಳಗೆ ಬಾ ಅಂತ ಕೂಗುವವರು ಯಾರೂ ಇಲ್ಲ. ನಾಣಿ ಎಬ್ಬಿಸಿದಾಗ ನಾಲ್ಕು ಗಂಟೆ. ಪಾಪ, ಬಂದ ಇಬ್ಬರು ಗಿರಾಕಿಗಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ್ದನಂತೆ.

ನಾರಿನದೇ ತಗೋ ಅಂತ ಅವನ ಹಟ. ನಾನು ಬೂರುಗದ್ದೇ ಬೇಕು ಅಂದೆ. ನಾಳೆ ತರುತ್ತಾನೆ. "ಅಮ್ಮ, ನೀನು ಬೈದರೂ ಸರಿ, ಇನ್ನು ನಾನು ಹಾಸಿಗೆ ಮೇಲೇ ಮಲಗೋಳು" ಅಂತ ಬೆಳಿಗ್ಗೆ ದೇವರ ಮುಂದೆ ಹೇಳಿಬಿಟ್ಟೆ. ಆಮೇಲೆ ಸ್ವಲ್ಪ ಅತ್ತೆ.

ನಿನ್ನ ಮಕ್ಕಳು ಚೆನ್ನಾಗಿರಲಿ, ನಿನ್ನ ಕುಂಕುಮ ನೂರು ಕಾಲ ಬಾಳಲಿ.

ನಿನ್ನ
ಅಮ್ಮಣ್ಣಿ

ಮತ್ತೊಂದು ಮಾತು: ಸೊಂಟನೋವು ನಿಜ, ಆದರೆ ಅಂಗಡಿಗೆ ಹೋದದ್ದು ಅದಕ್ಕಲ್ಲ. ಅವರ ಜೊತೆ ನಾನು ಬಾಳಿದ್ದು ಹನ್ನೊಂದು ದಿನ. ಅವರದೊಂದು ಫೋಟೋ ಕೂಡ ಇಲ್ಲ. ಕನಸಿನಲ್ಲಾದರೂ ನೋಡೋಣ ಅಂತ ಹೋದೆ. ಬಂದರು ಕಣೇ, ದಡದಲ್ಲಿ ನಿಂತಿದ್ದರು, ಪಂಚೆ, ಜರಿ ಪೇಟ ಎಲ್ಲ ಇತ್ತು, ಮುಖ ಇರಲಿಲ್ಲ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಮದುವೆಯಲ್ಲಿ ಕಳಶ ಹಿಡಿದು ಅವರ ಎದುರಿಗೇ ನಿಂತಿದ್ದವಳು ನೀನು. ಹೇಗಿದ್ದರು, ಬರಿ.