ತೊಂಬತ್ತೊಂದನೆಯ ದಿನ

ತೊಯ್,

ಮಳೆಗಾಲದ ವ್ರತ ನಿನ್ನೆ ಮುಗಿಯಿತು. ನೀನು ಹೋದಮೇಲೆ ಇದೇ ಮೊದಲನೆಯದು. ಮೂರು ತಿಂಗಳು ಹೆಂಡ ಮುಟ್ಟುವುದಿಲ್ಲವೆಂದು ವಿಹಾರದಲ್ಲಿ ಬುದ್ಧನ ಮುಂದೆ ಕೈಮುಗಿದು ಆಡಿದ ಮಾತನ್ನು ಎಂದಿನಂತೆ ಉಳಿಸಿಕೊಂಡೆ. ಅದರಲ್ಲಿ ನಾನು ಗಟ್ಟಿ, ನಿನಗೇ ಗೊತ್ತು. ಮುಗಿದ ಮರುದಿನ ಬೆಳಗ್ಗೆಯೇ ಬಾಟಲಿ ತೆಗೆಯುತ್ತಿದ್ದುದೂ ಗೊತ್ತು.

ಇವತ್ತು ಬೆಳಗ್ಗೆ ಗೆಳೆಯ ಪ್ರಯೂನ್ ಬಂದ. ಅದೇ ಅಕ್ಕಿ ಹೆಂಡ, ಸುಟ್ಟ ಮೀನು, ಎರಡು ಲೋಟ.

"ಏಳೋ, ಬುದ್ಧನ ಪಾಲಿಂದು ಮುಗೀತು! ಇನ್ಯಾರ ಅಪ್ಪಣೆ ಬೇಕು ನಿಂಗೆ?"

"ಇವತ್ತೊಂದಿನ ಬೇಡ ಕಣೋ. ತೊಯ್ ಕೇಳಿದ್ಲು."

"ಯಾವಾಗ?"

ನಾನು ನನ್ನ ಲೋಟವನ್ನು ಬೋರಲು ಹಾಕಿದೆ. ಮದುವೆಯಾದ ಹತ್ತೊಂಬತ್ತು ವರ್ಷವೂ ನೀನು ಕೇಳಿದ್ದೆಯಲ್ಲ, ನನ್ನ ಕೈಯಲ್ಲಿದ್ದ ಲೋಟವನ್ನೇ ನೋಡುತ್ತ: "ಬುದ್ಧನಿಗೆ ತೊಂಬತ್ತು ದಿನ ಕೊಡ್ತೀಯ. ನಂಗೆ ಇನ್ನೊಂದೇ ಒಂದು ದಿನ ಕೊಡೋಕಾಗಲ್ವಾ?" ನಾನು ನಕ್ಕುಬಿಡುತ್ತಿದ್ದೆ. "ಮುಂದಿನ ವರ್ಷ ನೋಡೋಣ ಬಿಡೇ."

"ಬದುಕಿದ್ದಾಗ ಕೇಳದವನು..." ಎಂದು ಶುರುಮಾಡಿದ ಪ್ರಯೂನ್, ಮಾತನ್ನು ಅಲ್ಲಿಗೇ ನುಂಗಿಕೊಂಡ. ತನ್ನ ಲೋಟವನ್ನೂ ಬೋರಲು ಹಾಕಿದ. ಇಬ್ಬರೂ ಬರೀ ಮೀನು ತಿಂದೆವು. ಉಪ್ಪು ಜಾಸ್ತಿಯಾಗಿತ್ತು.

ಈಗ ಸಂಜೆಯಾಗಿದೆ. ನಿನ್ನ ದಿನ ಮುಗಿಯುತ್ತ ಬಂತು. ತುಂಬ ಕಷ್ಟವಾಗುತ್ತದೆ ಅಂದುಕೊಂಡಿದ್ದೆ, ತೊಯ್.

ಏನೂ ಕಷ್ಟವಾಗಲಿಲ್ಲ.