ಮುನ್ನೂರಿಪ್ಪತ್ತು ಗ್ರಾಂ

ಸೆಫ್ರೂ,
ಸೋಮವಾರ, ಏಪ್ರಿಲ್ 22, 1985

ಪ್ರೀತಿಯ ಅಪ್ಪನಿಗೆ ಬತೂಲಳ ಸಲಾಮುಗಳು.

ಮಂಡಿ ನೋವು ಹೇಗಿದೆ? ಸಾಫಿಯ ಕಡಲ ಗಾಳಿ ನಿಮಗೆ ಒಗ್ಗುವುದಿಲ್ಲ ಎಂದು ಅಮ್ಮ ದಿನಕ್ಕೆ ಮೂರು ಸಲ ಹೇಳುತ್ತಾಳೆ. ಮೂವತ್ತೊಂದು ವರ್ಷ ಓಣಿಯ ಮನೆಗಳ ರೊಟ್ಟಿ ಬೇಯಿಸುತ್ತ ಒಲೆಯ ಬಾಯಿಗೆ ಎದೆಯೊಡ್ಡಿ ನಿಂತವರಿಗೆ ಅಲ್ಲಿನ ತೇವ ಮೂಳೆಗೇ ಇಳಿದಿರಬೇಕು. ಮಲಗುವ ಮೊದಲು ಅಕ್ಕನ ಕೈಯಲ್ಲಿ ಬಿಸಿ ಎಣ್ಣೆ ಹಚ್ಚಿಸಿಕೊಳ್ಳಿ. ಅವಳು ಮಾಡುವ ಸಾರ್ಡೀನ್ ಮೀನು ನಿಮಗೆ ಇಷ್ಟವೆಂದು ಗೊತ್ತು, ಆದರೆ ಖಾರ ಕಡಿಮೆ ಇರಲಿ. ಅಮ್ಮ ಆರೋಗ್ಯವಾಗಿದ್ದಾಳೆ, ಸಿಟ್ಟಿನಲ್ಲಿದ್ದಾಳೆ; ಅಂದರೆ ಎಂದಿನಂತೆಯೇ ಇದ್ದಾಳೆ. ನೀವು ಹೋಗಿ ಇವತ್ತಿಗೆ ಹನ್ನೆರಡು ದಿನ. ಅಕ್ಕ ಈ ಪತ್ರವನ್ನು ನಿಮಗೆ ಓದಿ ಹೇಳುವಾಗ ಅರ್ಧಕ್ಕೆ ಎದ್ದು ಹೋಗಬೇಡಿ ಅಪ್ಪಾ. ಇಲ್ಲಿ ಏನಾಯಿತೆಂದು ನಿಮಗೆ ಯಾರೂ ಸರಿಯಾಗಿ ಹೇಳಿರಲಾರರು. ಮೊದಲಿನಿಂದ ಹೇಳುತ್ತೇನೆ.

ತಪ್ಪು ಶುರುವಾದದ್ದು ನನ್ನ ತರಗತಿಯಲ್ಲಿ. ಆ ವಾರ ದ್ರವ್ಯ ಕಳೆದುಹೋಗುವುದಿಲ್ಲ ಎಂಬ ಪಾಠ ಮಾಡುತ್ತಿದ್ದೆ. ಒಂದು ಸೀಸೆಯಲ್ಲಿ ವಿನೆಗರ್ ಹಾಕಿ, ಅದರ ಬಾಯಿಗೆ ಅಡುಗೆ ಸೋಡಾ ತುಂಬಿದ ಬಲೂನು ಕಟ್ಟಿ ತಕ್ಕಡಿಯಲ್ಲಿಟ್ಟೆ. ಸೋಡಾ ಒಳಗೆ ಬಿತ್ತು, ನೊರೆ ಉಕ್ಕಿತು, ಬಲೂನು ಉಬ್ಬಿತು. ತಕ್ಕಡಿಯ ಮುಳ್ಳು ಮಾತ್ರ ಅಲುಗಲಿಲ್ಲ. ಮಕ್ಕಳು ಬಾಯಿಬಿಟ್ಟುಕೊಂಡು ನೋಡಿದರು. ನನಗೂ ಹುರುಪು ಬಂತು. ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ಯಾವುದೂ ಇಲ್ಲವಾಗುವುದಿಲ್ಲ, ಕಡಿಮೆಯಾದರೆ ಎಲ್ಲಿಗೋ ಹೋಗಿದೆ, ಎಲ್ಲಿಗೆ ಹೋಯಿತೆಂದು ಹುಡುಕಿ. ಮನೆಯಲ್ಲಿ ಯಾವುದಾದರೂ ಒಂದು ವಸ್ತುವನ್ನು ಕೆಲಸಕ್ಕೆ ಮೊದಲು, ಕೆಲಸದ ಮೇಲೆ ತೂಗಿ ಬರೆದು ತನ್ನಿ ಎಂದೆ. ಶಾಲೆಯಲ್ಲಿ ಬಾಯಿ ಕಟ್ಟಿದ ಸೀಸೆಯನ್ನು ತೋರಿಸಿ, ಮನೆಯಲ್ಲಿ ಬಾಯಿ ತೆರೆದ ಪಾತ್ರೆಯನ್ನು ತೂಗಲು ಕಳಿಸಿದೆ. ಹೊರಗೆ ಹೋಗುವುದನ್ನು ಹಿಡಿಯುವುದು ಹೇಗೆಂದು ಹೇಳಿಕೊಡಲಿಲ್ಲ. ಎಂಟು ವರ್ಷದಿಂದ ಪಾಠ ಮಾಡುತ್ತಿರುವವಳಿಗೆ ಅಷ್ಟು ಹೊಳೆಯಲಿಲ್ಲ.

ನಮ್ಮ ಓಣಿಯ ಲಲ್ಲಾ ತಾಮೂಳ ಕಿರಿಮಗಳು ಯಾಮ್ನಾ ನಿಮಗೆ ಗೊತ್ತಲ್ಲ, ದಿನಾ ಬೆಳಿಗ್ಗೆ ಹಿಟ್ಟಿನ ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ನಿಮ್ಮ ಒಲೆಗೆ ಬರುವವಳು. ಉಳಿದ ಮಕ್ಕಳು ಸಕ್ಕರೆ, ಸಾಬೂನು ಎಂದು ಬರೆದು ತಂದರು. ಇವಳು ಮೂರು ದಿನ ಬೂಅಝ್ಝಾನ ಅಂಗಡಿಯಲ್ಲಿ ಐದೂ ರೊಟ್ಟಿಯ ಹಿಟ್ಟು ತೂಗಿಸಿದ್ದಾಳೆ, ನಿಮ್ಮ ಒಲೆಯಿಂದ ರೊಟ್ಟಿ ತಂದ ಮೇಲೆ ಮತ್ತೆ ತೂಗಿಸಿದ್ದಾಳೆ. ಎರಡೂವರೆ ಕಿಲೋ ಹೋದದ್ದು ಎರಡು ಕಿಲೋ ನೂರೆಂಬತ್ತು ಗ್ರಾಂ ಆಗಿ ಬಂದಿದೆ, ಮೂರು ದಿನವೂ ಹೆಚ್ಚುಕಮ್ಮಿ ಅಷ್ಟೇ. ಎದ್ದು ನಿಂತು ಓದಿದಳು: "ಕಡಿಮೆಯಾದದ್ದು ಮುನ್ನೂರಿಪ್ಪತ್ತು ಗ್ರಾಂ. ಎಲ್ಲಿಗೆ ಹೋಯಿತು: ಒಲೆಯವರ ಮನೆಗೆ." ತರಗತಿ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ನಾಳೆ ಬಿಡಿಸಿ ಹೇಳಿದರಾಯಿತು ಎಂದುಕೊಂಡೆ. ಆದರೆ ಮಕ್ಕಳು ಮಧ್ಯಾಹ್ನವೇ ಮನೆಗೆ ಹೋಗಿ ಅದನ್ನು ಹೇಳಿಬಿಟ್ಟರು.

ಆಮೇಲಿನದು ನಿಮಗೆ ಗೊತ್ತು. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಹದಿನೈದು ಹೆಂಗಸರು ಒಲೆಮನೆಯ ಬಾಗಿಲಲ್ಲಿದ್ದರು. ಒಬ್ಬೊಬ್ಬರೂ ತಮ್ಮ ಮನೆಯ ರೊಟ್ಟಿಯನ್ನು ಮೂವತ್ತೊಂದು ವರ್ಷಕ್ಕೆ ಗುಣಿಸುತ್ತಿದ್ದರು. ಅಷ್ಟು ಮನೆಗಳ ರೊಟ್ಟಿಯಲ್ಲಿ ಒಂದನ್ನೂ ಅದಲುಬದಲು ಮಾಡದೆ, ಒಂದೊಂದು ಮನೆಯವರು ಹಿಟ್ಟಿನ ಮೇಲೆ ಒತ್ತಿದ ಅಚ್ಚಿನ ಗುರುತನ್ನು ಬೆರಳಲ್ಲೇ ಮುಟ್ಟಿ ಇದು ಇವರದು ಎನ್ನುತ್ತಿದ್ದ ನಿಮ್ಮನ್ನು ಅವರು ನೋಡಿದ ನೋಟವನ್ನು ನಾನು ಮರೆಯಲಾರೆ. ಲಲ್ಲಾ ತಾಮೂ ಕೂಗಾಡಲಿಲ್ಲ. ನಿಮ್ಮ ಹೆಸರು ಹಿಡಿದು ತಣ್ಣಗೆ ಹೇಳಿದಳು: "ಅಲ್ಲಾಲ್, ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ದೆ. ಇದು ನಿನ್ನ ಮಗಳೇ ಕಲಿಸಿದ ಲೆಕ್ಕ." ನೀವು ಉದ್ದ ಹಿಡಿಯ ಹಲಗೆಯಿಂದ ಒಳಗಿದ್ದ ರೊಟ್ಟಿಗಳನ್ನೆಲ್ಲ ತೆಗೆದು ಅವರವರಿಗೆ ಕೊಟ್ಟು, ಹಲಗೆಯನ್ನು ಗೋಡೆಗೆ ಒರಗಿಸಿದಿರಿ. ಮರುದಿನ ಬೆಳಗಾಗುವ ಮೊದಲೇ ಸಾಫಿಗೆ ಹೋಗಲು ಫೇಸ್ ಪಟ್ಟಣದ ಬಸ್ಸು ಹತ್ತಿದ್ದಿರಿ. ಬಾಗಿಲಿಗೆ ಬೀಗ, ಬೀಗದ ಕೈ ಅಮ್ಮನ ದಿಂಬಿನಡಿಯಲ್ಲಿ. ಆ ಸಂಜೆಯ ಬೇರೆ ಮಾತು ಈಗ ಬೇಡ.

ಮರುದಿನದಿಂದ ಮನೆಮನೆ ತಿರುಗಿದೆ. ಹಿಟ್ಟಿನಲ್ಲಿದ್ದ ನೀರು ಬೆಂಕಿಗೆ ಆವಿಯಾಗಿ ಹೋಗುತ್ತದೆ, ಅಪ್ಪ ತೆಗೆದದ್ದಲ್ಲ ಎಂದು ಹೇಳಿದೆ. ಕೆಲವರು ಟೀ ಕೊಟ್ಟು ತಲೆಯಾಡಿಸಿದರು. ಲಲ್ಲಾ ತಾಮೂ ಟೀ ಕೊಡಲಿಲ್ಲ. "ಪಾತ್ರೆ ನೀರಾದ್ರೆ ಆವಿಯಾಗತ್ತೆ, ಒಪ್ಪಿದೆ. ಇದು ನಾನು ನಾದಿ ನಾದಿ ಹಿಟ್ಟಿಗೆ ಕುಡಿಸಿದ ನೀರು. ಅದೂ ಲೋಟಗಟ್ಲೆ ಹಾರಿಹೋಯ್ತು ಅಂದ್ರೆ ನಂಬೋಕೆ ನಾನೇನು ನಿನ್ನ ತರಗತಿ ಮಗುನಾ? ನಿಮ್ಮಪ್ಪನ ಪರವಾಗಿ ನೀನಲ್ದೆ ಇನ್ಯಾರು ಮಾತಾಡ್ತಾರೆ?" ಎಂದಳು. ಹೆಡ್‌ಮಾಸ್ತರರು ಕೋಣೆಗೆ ಕರೆದು, ಊರಿನ ಕಡೆಯಿಂದ ದೂರು ಬಂದಿದೆ, ಪುಸ್ತಕದಲ್ಲಿದ್ದಷ್ಟು ಓದಿಸಿ, ತೂಗುವುದು ಗೀಗುವುದು ಬೇಡ, ಇನ್ನೊಂದು ದೂರು ಬಂದರೆ ನಿಮ್ಮನ್ನು ಬೆಟ್ಟದ ಮೇಲಿನ ಶಾಲೆಗೆ ಹಾಕುತ್ತಾರೆ ಎಂದರು. ಹೆಂಗಸರು ಎರಡು ಓಣಿ ಆಚೆಯ ಒಲೆಗೆ ಹಲಗೆ ಹೊತ್ತರು. ನಮ್ಮ ಒಲೆ ಆರಿದ ಮೇಲೂ ಮೂರು ದಿನ ಗೋಡೆ ಬೆಚ್ಚಗಿತ್ತು. ಓಣಿಯ ಬೆಕ್ಕುಗಳೆಲ್ಲ ಅದಕ್ಕೆ ಬೆನ್ನು ಕೊಟ್ಟು ಮಲಗಿದ್ದವು. ನಾಲ್ಕನೆಯ ದಿನ ಅವೂ ಎದ್ದು ಹೋದವು. ಅಮ್ಮ ಅದನ್ನು ನೋಡಿ ಒಳಗೆ ಹೋಗಿ ಕದ ಹಾಕಿಕೊಂಡಳು.

ಒಲೆ ಮುಚ್ಚಿಸಿದವಳೆಂದು ಶಾಲೆಯಲ್ಲಿ ಯಾಮ್ನಾಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು, "ಉಸ್ತಾದಾ, ನಾನು ತೂಕ ತಪ್ಪು ಹಾಕಿದ್ನಾ?" ಎಂದು ಕೇಳಿದಳು. ಇಲ್ಲ, ತೂಕ ಸರಿಯಾಗಿದೆ, ಕೊನೆಯ ಸಾಲನ್ನು ಮಾತ್ರ ಹುಡುಕದೆ ಬರೆದೆ ಎಂದೆ. "ಹಾಗಾದ್ರೆ ಹುಡುಕೋಣ" ಎಂದಳು. ನನಗೆ ನಾಚಿಕೆಯಾಯಿತು ಅಪ್ಪಾ. ಹತ್ತು ದಿನ ನಾನು ಮಾತಿನಲ್ಲೇ ಗೆಲ್ಲಲು ಹೊರಟಿದ್ದೆ. ಅವತ್ತೇ ಮನೆಗೆ ಬಂದು ಅಮ್ಮನಿಗೆ ಕಿತ್ತಳೆ ಹೂವಿನ ನೀರು ಇಳಿಸುವ ತಾಮ್ರದ ಪಾತ್ರೆ ಕೊಡು ಎಂದೆ. ಹೂವಿನ ಕಾಲ, ಅದನ್ನು ಉಜ್ಜಿ ಇಟ್ಟಿದ್ದಳು. ಯಾಕೆಂದು ಕೇಳದೆ ಕೊಟ್ಟಳು.

ನಿನ್ನೆ ಭಾನುವಾರ ಲಲ್ಲಾ ತಾಮೂಳ ಅಂಗಳದಲ್ಲೇ ಮಾಡಿದೆವು. ನಮ್ಮ ಮನೆಯಲ್ಲಿ ಮಾಡಿದರೆ ನಂಬುವುದಿಲ್ಲ ಎಂದಿದ್ದಳು. ಹಿಟ್ಟು ಅವಳು ನಾದಿದ್ದು, ತಕ್ಕಡಿ ಬೂಅಝ್ಝಾ ಹೊತ್ತು ತಂದದ್ದು, ಇದ್ದಿಲು ಅವಳ ಅತ್ತಿಗೆಯದು. ಸರಿಯಾಗಿ ಐನೂರು ಗ್ರಾಂ ಹಿಟ್ಟನ್ನು ತಟ್ಟಿ, ಪಾತ್ರೆಯೊಳಗೆ ಮಣ್ಣಿನ ತಟ್ಟೆಯ ಮೇಲಿಟ್ಟು, ಮೇಲೆ ಕೊಳವೆಯಿರುವ, ಮುಚ್ಚಳದಂಥ ತಾಮ್ರದ ತಲೆ ಕೂರಿಸಿ, ಸಂದಿಗೆ ಬಟ್ಟೆ ಸುತ್ತಿ, ತಲೆಯ ಮೇಲೆ ತಣ್ಣೀರು ತುಂಬಿ, ಕೊಳವೆಯ ಬಾಯಿಗೆ ಸೀಸೆ ಇಟ್ಟೆ. ಅಂಗಳದ ತುಂಬ ಜನ, ಮಾಳಿಗೆಯ ಮೇಲೂ ಜನ. ಎಷ್ಟೋ ಹೊತ್ತು ಏನೂ ಬರಲಿಲ್ಲ. ಯಾರೋ ಕೆಮ್ಮಿದರು. ಮುಟ್ಟಿದರೆ ಒಣಗಿದಂತಿದ್ದ ಆ ಹಿಟ್ಟಿನಿಂದ ನೀರು ಬರುತ್ತದೆಂದು ನನಗೇ ಒಂದು ಗಳಿಗೆ ನಂಬಿಕೆ ಹೋಯಿತು. ಆಗ ಕೊಳವೆಯ ತುದಿಯಲ್ಲಿ ಒಂದು ಹನಿ ತೂಗಾಡಿ ಬಿತ್ತು. ಆಮೇಲೆ ಇನ್ನೊಂದು. ಲಲ್ಲಾ ತಾಮೂ ಸೀಸೆಯನ್ನು ಎತ್ತಿ ಮೂಸಿ, ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು.

ರೊಟ್ಟಿ ಬೆಂದ ಮೇಲೆ ತೂಗಿದೆವು. ನಾನೂರ ಮೂವತ್ತೈದು. ಸೀಸೆಯ ನೀರು ನಲವತ್ತು. ಬೂಅಝ್ಝಾ ಎರಡು ಸಲ ತೂಗಿದ. ಇಪ್ಪತ್ತೈದು ಗ್ರಾಂ ಇಲ್ಲ. ಲಲ್ಲಾ ತಾಮೂ ನನ್ನನ್ನೇ ನೋಡಿ, "ಈಗ ಅಲ್ಲಾಲ್ ಇಲ್ಲಿಲ್ಲ. ಇದನ್ನ ಯಾರು ತಿಂದ್ರು, ನೀನಾ?" ಎಂದಳು. ಯಾರೂ ನಗಲಿಲ್ಲ. ಯಾಮ್ನಾ ಆಗಲೇ ತಾಮ್ರದ ತಲೆಯನ್ನು ಮಗುಚಿ ಒಳಗೆ ಇಣುಕುತ್ತಿದ್ದಳು. "ಇಲ್ಲೆಲ್ಲ ಬೆವತಿದೆ, ಉಸ್ತಾದಾ," ಎಂದಳು. ಒಂದು ಒಣ ಬಟ್ಟೆಯನ್ನು ತೂಗಿದೆವು: ಅರವತ್ತು. ಅದರಿಂದ ತಲೆಯ ಒಳಗೋಡೆ, ಕೊಳವೆ, ಪಾತ್ರೆಯ ಅಂಚನ್ನೆಲ್ಲ ಅವಳು ಒರೆಸಿದಳು. ಮತ್ತೆ ತೂಗಿದಾಗ ಎಂಬತ್ತು. ಇನ್ನು ಐದು ಗ್ರಾಂ ಉಳಿಯಿತು. ಅದನ್ನು ನಾನು ತೋರಿಸಲಾರೆ, ಸಂದಿಯಲ್ಲಿ ಸುಯ್ಯೆಂದು ಹೋದ ಆವಿಯನ್ನು ನೀವೆಲ್ಲ ನೋಡಿದ್ದೀರಿ, ಅದು ಅದೇ ಇರಬೇಕು, ಆದರೆ ಹಿಡಿಯಲು ಆಗಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಲಲ್ಲಾ ತಾಮೂ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ, ಸೀಸೆ, ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಕೊನೆಗೆ, "ಐದು ಗ್ರಾಂ ಹೋಗ್ಲಿ ಬಿಡು. ಅಷ್ಟನ್ನ ಬೂಅಝ್ಝಾನ ತಕ್ಕಡಿ ದಿನಾ ತಿನ್ನತ್ತೆ," ಎಂದಳು. ಬೂಅಝ್ಝಾ ಮುಖ ಊದಿಸಿಕೊಂಡ, ಅಂಗಳವೆಲ್ಲ ನಕ್ಕಿತು, ನಾನು ಅತ್ತೆ. ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚಿದಳು. ಪಾತ್ರೆಗೆ ಹಿಡಿದಿದ್ದ ಹೋದ ವರ್ಷದ ಹೂವಿನ ವಾಸನೆ ರೊಟ್ಟಿಗೂ ಬಂದಿತ್ತು, ಮಕ್ಕಳು ಇನ್ನೂ ಬೇಕೆಂದರು. ಕ್ಷಮೆ ಗಿಮೆ ಅವಳು ಕೇಳಲಿಲ್ಲ. ನಾನು ಹೊರಡುವಾಗ ಬಾಗಿಲವರೆಗೆ ಬಂದು, ಆಚೆ ಒಲೆಯವನು ರೊಟ್ಟಿಯ ತಳ ಕರಕು ಮಾಡುತ್ತಾನೆ, ಅಲ್ಲಾಲ್ ಯಾವಾಗ ಬರುತ್ತಾನೆ ಎಂದು ಕೇಳಿದಳು. ಇವತ್ತು ಬೆಳಿಗ್ಗೆಯಿಂದ ಆರು ಮನೆಯವರು ಅಮ್ಮನನ್ನು ಅದೇ ಕೇಳಿದ್ದಾರೆ. ಅಮ್ಮ ಆರು ಮಂದಿಗೂ ಉತ್ತರ ಕೊಟ್ಟಿಲ್ಲ. ಇವತ್ತು ತರಗತಿಯಲ್ಲಿ ಯಾಮ್ನಾ ಎದ್ದು ನಿಂತು ತನ್ನ ಕೊನೆಯ ಸಾಲನ್ನು ತಾನೇ ಹೊಡೆದುಹಾಕಿ ಹೊಸದನ್ನು ಓದಿದಳು. ಹೆಡ್‌ಮಾಸ್ತರರು ಕಿಟಕಿಯಾಚೆ ನಿಂತು ಕೇಳಿಸಿಕೊಂಡು ಸುಮ್ಮನೆ ಹೋದರು. ನನ್ನ ವರ್ಗಾವಣೆಯ ಮಾತು ಏನಾಗುತ್ತದೋ ಗೊತ್ತಿಲ್ಲ.

ಅಕ್ಕನಿಗೂ ಭಾವನಿಗೂ ಸಲಾಮು, ಅವರ ಮಕ್ಕಳಿಗೆ ಮುತ್ತು. ದೇವರು ನಿಮ್ಮ ಕಾಲಿಗೆ ಶಕ್ತಿ ಕೊಡಲಿ, ನಿಮ್ಮ ದುಆ ನಮ್ಮ ಮೇಲಿರಲಿ. ನಿಮ್ಮ ಕೈಗೆ ಮುತ್ತಿಟ್ಟು ಮುಗಿಸುತ್ತೇನೆ.

ನಿಮ್ಮ ಮಗಳು
ಬತೂಲ್

ಮರೆತದ್ದಲ್ಲ, ಬರೆಯಲು ಧೈರ್ಯ ಬರದೆ ಬಿಟ್ಟದ್ದು: ಅಕ್ಕಾ, ಇದನ್ನೂ ಗಟ್ಟಿಯಾಗಿಯೇ ಓದು. ಅಪ್ಪಾ, ಹೆಂಗಸರು ಒಲೆಮನೆಯ ಬಾಗಿಲಲ್ಲಿ ನಿಂತಾಗ ನಾನು ಅವರ ಹಿಂದೆಯೇ ಇದ್ದೆ, ಮಾತಾಡಲಿಲ್ಲ. ಪುಸ್ತಕ ಓದಿದವಳಿಗೂ ಮುನ್ನೂರಿಪ್ಪತ್ತು ಗ್ರಾಂ ಜಾಸ್ತಿ ಅನ್ನಿಸಿತ್ತು. ಆ ಸಂಜೆ ನೀವು ಅಂಗಳದಲ್ಲಿ ಕೈ ತೊಳೆಯುತ್ತಿದ್ದಾಗ, "ಅಪ್ಪಾ, ಕೈತಪ್ಪಿಯಾದ್ರೂ ಏನಾದ್ರೂ ತೆಗೆದಿದ್ರಾ?" ಎಂದು ಕೇಳಿದೆ. "ಇಲ್ಲ ಮಗಳೇ" ಎಂದಿರಿ, ಅಷ್ಟೇ. ನೀವು ಊರು ಬಿಟ್ಟದ್ದು ಲಲ್ಲಾ ತಾಮೂಳ ಮಾತಿಗಲ್ಲ ಎಂದು ನನಗೂ ಗೊತ್ತು, ಅಮ್ಮನಿಗೂ ಗೊತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತುತ್ತೇನೆ. ನಿಮ್ಮನ್ನು ಕರೆದುಕೊಂಡು ಬರುವುದಕ್ಕಲ್ಲ. ಒಲೆ ಹಚ್ಚುವುದು ಬಿಡುವುದು ನಿಮಗೆ ಸೇರಿದ್ದು. ಹಾಗೆ ಕೇಳಿದ ಬಾಯಿಂದಲೇ, ನಿಮ್ಮೆದುರು ನಿಂತು, ತಪ್ಪಾಯಿತು ಅನ್ನಬೇಕು. ಕದ ತೆಗೆಯಿರಿ.