ಬೋರ್ಡಿನ ಹಿಂದಿನ ಕಿಟಕಿ

ಅಂಗಡಿಯ ಮೇಲಿನ ಮನೆಯಿಂದ
ಗುರುವಾರ, ಮಧ್ಯಾಹ್ನ

ನನ್ನ ಬಂಗಾರದಂಥ ಮಗಳೇ,

ನಿನ್ನೆ ನೀನು ಫೋನ್ ಮಾಡಿ ನಿಯಮ ಪಾಸಾಯಿತು ಅಂದಾಗ ನಾನು ಬರೀ ಹ್ಞೂಂ ಅಂದೆನೆಂದು ಬೇಸರ ಮಾಡಿಕೊಂಡಿರಬೇಕು ನೀನು. ಸಂತೋಷವಾಗಲಿಲ್ಲವೆಂದಲ್ಲ. ಫೋನಿನಲ್ಲಿ ನನ್ನ ದನಿ ನನ್ನ ಮಾತು ಕೇಳುವುದಿಲ್ಲ, ಅದಕ್ಕೇ ಈ ಕಾಗದ.

ಇನ್ನು ಮುಂದೆ ಪೇಟೆ ಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರಬಹುದು. ಏಳು ಮಹಡಿಯವರೆಗೂ ಕಟ್ಟಬಹುದು. ನಗರ ಯೋಜನೆ ಕಚೇರಿಯಲ್ಲಿ ಕೂತು ನನ್ನ ಮಗಳು ಬರೆದ ನಿಯಮ. ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಳ್ಳಬೇಕೆನಿಸಿತು, ಹೇಳಲಿಲ್ಲ. ಇಲ್ಲೊಂದು ಮನೆ ಇದೆಯೆಂದು ಯಾರಿಗೂ ಗೊತ್ತಾಗದ ಹಾಗೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ಬೇಗ ಬಾಯಿ ಬರುವುದಿಲ್ಲ.

ಏನೆಲ್ಲ ಕಳ್ಳಾಟ ಆಡಿದೆವು. ಪೇಟೆಯಲ್ಲಿ ಅಂಗಡಿ ಮಾತ್ರ, ವಾಸ ಕೂಡದು ಎಂಬ ಕಾಲ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಬೋರ್ಡನ್ನು ನಿಮ್ಮಪ್ಪ ಬೀದಿ ಕಡೆಯ ಕಿಟಕಿಗೇ ಅಡ್ಡ ಹೊಡೆದರು. ಅದರ ಅಂಚಿನಿಂದ ನುಸುಳುತ್ತಿದ್ದ ಬೆಳಕಿನಲ್ಲಿ ನೀನು ಓದಿದೆ. ಬಟ್ಟೆ ಒಣಗಿದ್ದು ಫ್ರೇಮುಗಳ ನಡುವೆ. ಅಡುಗೆಯ ವಾಸನೆ ಬೀದಿಗೆ ಹೋದರೆ ಅಂಟು ಕಾಯಿಸುತ್ತಿದ್ದೇನೆ ಅನ್ನುತ್ತಿದ್ದರು ಮಹಾರಾಯರು. ನನ್ನ ಕೈರುಚಿಗೆ ಅವರು ಕೊಟ್ಟ ಬಿರುದು ಅದೊಂದೇ. ನಿನ್ನ ಶಾಲೆಯಿಂದ ನಮ್ಮ ಗುರುತಿನ ಚೀಟಿಯವರೆಗೆ ಎಲ್ಲದಕ್ಕೂ ನಿನ್ನ ಚಿಕ್ಕಮ್ಮನ ವಿಳಾಸ. ಅಂಗಡಿ ಮುಚ್ಚಿದ ಮೇಲೆ ಷಟರಿಗೆ ಹೊರಗಿನಿಂದ ಬೀಗ ಹಾಕಿ, ನಾಲ್ಕು ಜನಕ್ಕೆ ಕಾಣುವಂತೆ ನಡೆದುಹೋಗಿ, ಹಿಂದಿನ ಓಣಿಯಿಂದ ಒಳಗೆ ಬರುತ್ತಿದ್ದರು.

ಆ ಭಾನುವಾರವೂ ಬೀಗ ಹಾಗೇ ಇತ್ತು. ನಿಮ್ಮಪ್ಪನಿಗೆ ಎದೆನೋವು ಬಂತು, ನಾನು ಆಂಬ್ಯುಲೆನ್ಸ್ ಕರೆದೆ, ಅದು ಬಂತು ಕೂಡ. ಗಾಡಿಯವರು ಬೀಗ ನೋಡಿ ಕಟ್ಟಡದ ಕಾವಲುಗಾರನನ್ನು ಕೇಳಿದ್ದಾರೆ. ತನಿಖೆಗೆ ಬಂದವರಿಗೆಲ್ಲ ಹೇಳುತ್ತಿದ್ದುದನ್ನೇ ಅವನು ಅವರಿಗೂ ಹೇಳಿದ್ದಾನೆ, ವಿಳಾಸ ತಪ್ಪಿರಬೇಕು, ಇಲ್ಲಿ ಮನೆಗಳಿಲ್ಲ ಅಂತ. ನಿಮ್ಮಪ್ಪನ ತಲೆ ಮಡಿಲಿನಿಂದ ಇಳಿಸಿ, ಹಿತ್ತಲ ಬಾಗಿಲಿನಿಂದ ಸುತ್ತಿಕೊಂಡು ನಾನು ಬೀದಿಗೆ ಬರುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು. ಮತ್ತೆ ಕರೆಸಿದಾಗ ಎಲ್ಲ ಮುಗಿದಿತ್ತು.

ಆ ಕಾವಲುಗಾರನ ಮೇಲೆ ನೀನಿನ್ನೂ ಕೋಪ ಇಟ್ಟುಕೊಂಡಿದ್ದೀಯ. ಬೇಡ ಕಣೇ. ನಮಗೆ ಕೊಟ್ಟ ಮಾತು ಉಳಿಸಿಕೊಂಡ, ಅಷ್ಟೇ ಅವನು ಮಾಡಿದ್ದು. ಈಗಲೂ ನನ್ನನ್ನು ಕಂಡರೆ ಇಲ್ಲದ ಕಸ ಗುಡಿಸಲು ಬಗ್ಗುತ್ತಾನೆ. ಒಂದು ಸಲ ಅವನನ್ನು ಮಾತಾಡಿಸು.

ನೀನು ಈ ನಿಯಮದ ಬೆನ್ನು ಬಿದ್ದದ್ದು ಅಂದಿನಿಂದಲೇ ಅಂತ ನನಗೆ ಗೊತ್ತಿಲ್ಲವೇ. ಸಾರ್ವಜನಿಕ ಸಭೆಯಲ್ಲಿ ಯಾರೋ ದೊಡ್ಡ ಮನುಷ್ಯರು ಎದ್ದು ನಿಂತು, ಪೇಟೆ ಗದ್ದಲದಲ್ಲಿ ಯಾರು ತಾನೇ ಸಂಸಾರ ಹೂಡುತ್ತಾರೆ ಎಂದು ಕೇಳಿದಾಗ ಎಲ್ಲರೂ ನಕ್ಕರು. ನೀನು ನನ್ನ ಕಡೆ ನೋಡಿದೆ. ನಾನು ಚಪ್ಪಲಿ ಹುಡುಕುವವಳಂತೆ ತಲೆ ತಗ್ಗಿಸಿದೆ. ನಿನ್ನ ಮುಖ ಚಿಕ್ಕದಾಯಿತು, ಆದರೂ ಮಾತು ನಿಲ್ಲಿಸಲಿಲ್ಲ. ನನಗೆ ಹೆಮ್ಮೆಯೂ ಅಳುವೂ ಒಟ್ಟಿಗೇ ಬಂತು.

ಭಾನುವಾರ ನೀನೂ ಅಳಿಯಂದಿರೂ ಬಂದು ಬೋರ್ಡು ಕಿತ್ತು ಕಿಟಕಿ ತೆಗೆಯುತ್ತೇವೆ ಅಂದೆಯಲ್ಲ, ಬರಬೇಡಿ. ಮಂಡಿ ನೋವು ಜಾಸ್ತಿಯಾಗಿದೆ, ಈ ಮೆಟ್ಟಿಲು ಇನ್ನು ನನ್ನಿಂದಾಗದು. ಚಿಕ್ಕಮ್ಮನ ಮನೆಗೆ ಹೋಗಿಬಿಡುತ್ತೇನೆ. ಅಕ್ಕತಂಗಿಯರು ಟಿವಿ ರಿಮೋಟಿಗೆ ಜಗಳವಾಡಿಕೊಂಡು ಇರುತ್ತೇವೆ. ಆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಟೀ ಕುಡಿಯಬೇಕೆಂದು ನಿಮ್ಮಪ್ಪನಿಗೆ ಆಸೆಯಿತ್ತು. ಅವರಿಲ್ಲದೆ ಅದನ್ನು ತೆಗೆದು ನಾನೊಬ್ಬಳೇ ಏನು ನೋಡಲಿ.

ಊಟ ಬಿಟ್ಟು ಕೆಲಸ ಮಾಡಬೇಡ.

ಸದಾ ನಿನ್ನದೇ ಯೋಚನೆಯ,
ಅಮ್ಮ

ತಾ.ಕ.: ಮಂಡಿ ನೋವು ಸುಳ್ಳು. ಹೇಗೂ ನಿನಗೆ ತಿಳಿಯುತ್ತದೆ, ನನ್ನಿಂದಲೇ ತಿಳಿಯಲಿ. ಹೊಸ ನಿಯಮದಲ್ಲಿ ನಿನ್ನ ಮೇಜಿಗೆ ಬರುವ ಮೊದಲ ಅರ್ಜಿ ನಮ್ಮ ಮಾಲೀಕರದು. ಈ ಕಟ್ಟಡ ಕೆಡವಿ ಏಳು ಮಹಡಿ ಎತ್ತುತ್ತಾರೆ, ನಲವತ್ತು ಸಂಸಾರಕ್ಕೆ ಜಾಗ. ನಕ್ಷೆ ತಂದು ತೋರಿಸಿದರು, ಚೆನ್ನಾಗಿದೆ. ಕೆಡವುವ ಕಟ್ಟಡದಲ್ಲಿ ವಾಸವಿದ್ದವರಿಗೆ ಹೊಸದರಲ್ಲಿ ಮನೆ ಕೊಡಲೇಬೇಕು ಅಂತ ನಿಯಮದಲ್ಲಿ ನೀನು ಯಾರಿಗಾಗಿ ಸೇರಿಸಿದೆ ಅಂತ ನನಗೆ ಗೊತ್ತು. ಆದರೆ ನಾವು ಇಲ್ಲಿದ್ದೆವು ಅನ್ನುವುದಕ್ಕೆ ಒಂದು ಚೂರು ಪುರಾವೆ ಇಲ್ಲ, ಅಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡಿದ್ದೆವು. ಕಾವಲುಗಾರ ಈಗ ಬಂದು, ಇವರು ಇಲ್ಲೇ ಇದ್ದರು ಅಂದರೆ ಯಾರು ನಂಬುತ್ತಾರೆ. ನೀನು ಬಾಯಿಬಿಟ್ಟರೆ, ಹೆತ್ತವಳಿಗಾಗಿ ಕಾನೂನು ತಿದ್ದಿದಳು ಅಂತ ನಿಯಮವನ್ನೇ ರದ್ದು ಮಾಡಿಸುತ್ತಾರೆ, ನಲವತ್ತು ಮನೆಯೂ ಹೋಗುತ್ತದೆ. ಅರ್ಜಿಯಲ್ಲಿ ವಾಸವಿದ್ದವರು ಎಂಬ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕು, ಮಗಳೇ.